ಮಾತೂ ಗುಳೆ ಹೋಗಬೇಕೆ?

“ಬರೀಲೇಬೇಕಂದ್ರ ಬೆಂಗಳೂರಿಗೆ ಹೋಗಿ ಬರೀರಿ, ಇಲ್ಲಿ ಯಾಕ್ರೀ ಸಾಹೇಬ್ರ?”

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ ಲೇಖನಿ ಹಿಡಿದವರು ಒಂದಲ್ಲ ಒಂದು ದಿನ ಈ ಮಾತು ಕೇಳಿಯೇ ಇರುತ್ತಾರೆ. ಹೇಳುವವರು ಶತ್ರುಗಳಲ್ಲ. ಮಸೀದಿ ಕಮಿಟಿಯ ಹಿರಿಯರಿರಬಹುದು, ಮಠಕ್ಕೆ ನಡೆದುಕೊಳ್ಳುವ ಸಾಹುಕಾರರಿರಬಹುದು, ಕಾಲೇಜಿನ ಪ್ರಿನ್ಸಿಪಾಲರಿರಬಹುದು, ಒಮ್ಮೊಮ್ಮೆ ಠಾಣೆಯ ಪಿಎಸ್‌ಐ ಕೂಡ ಇರಬಹುದು. ದನಿಯಲ್ಲಿ ಕಾಳಜಿ ಇರುತ್ತದೆ. ಕುರ್ಚಿ ಕೊಟ್ಟು, ಚಹಾ ತರಿಸಿ ಹೇಳುತ್ತಾರೆ. ಬೈಯುವವನಿಗೆ ಉತ್ತರ ಕೊಡುವುದು ಸುಲಭ. ಚಹಾ ಕುಡಿಸಿ ಬಾಯಿ ಮುಚ್ಚಿಸುವವರಿಗೆ ಉತ್ತರ ಕೊಡುವುದು ಕಷ್ಟ. ನಾವು ಇಂದು ಬರೆಯುತ್ತಿರುವುದು ಅವರಿಗಾಗಿ.

ಅವರು ಹೇಳುವುದನ್ನು ಸ್ವಲ್ಪ ಗಮನವಿಟ್ಟು ಕೇಳಿ. ನೀವು ಬರೆದದ್ದು ಸುಳ್ಳು ಎಂದು ಅವರು ಹೇಳುತ್ತಿಲ್ಲ. ತಪ್ಪು ಎಂದೂ ಹೇಳುತ್ತಿಲ್ಲ. ಜಾಗ ಸರಿಯಿಲ್ಲ ಎನ್ನುತ್ತಿದ್ದಾರೆ. ಬೆಂಗಳೂರಿನಲ್ಲಿ ಅಚ್ಚಾದರೆ ಅಭ್ಯಂತರವಿಲ್ಲ, ಮಂಗಳೂರಿನಲ್ಲಾದರೂ ನಡೆದೀತು, ನಮ್ಮೂರಲ್ಲಿ ಬೇಡ. ಅಂದರೆ ಮಾತು ತಲುಪಬೇಕಾದವರಿಗೆ ತಲುಪದಿದ್ದರೆ ಮಾತಾಡಬಹುದು. ನಮ್ಮ ಕಡೆಯ ಜನ ಮಳೆ ಕೈಕೊಟ್ಟ ವರ್ಷ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಗೋವಾಕ್ಕೆ, ಪುಣೆಗೆ, ಸೊಲ್ಲಾಪುರಕ್ಕೆ ದುಡಿಯಲು ಹೋಗುತ್ತಾರೆ. ಅದಕ್ಕೆ ಗುಳೆ ಎನ್ನುತ್ತೇವೆ. ಈಗ ಮಾತೂ ಗುಳೆ ಹೋಗಬೇಕೆಂದು ಹಿರಿಯರು ಅಪ್ಪಣೆ ಕೊಡಿಸುತ್ತಿದ್ದಾರೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲಮನೆ ಕಳೆದುಕೊಂಡವರಿಗೆ ಸರ್ಕಾರ ಪುನರ್ವಸತಿ ಕೇಂದ್ರವನ್ನಾದರೂ ಕಟ್ಟಿಕೊಟ್ಟಿತು. ಊರಿನಿಂದ ಎಬ್ಬಿಸಿದ ಮಾತಿಗೆ ಅದೂ ಇಲ್ಲ.

ಇಂಥ ಸಲಹೆ ಕೊಡುವುದಕ್ಕೆ ಈ ನಾಲ್ಕು ತಾಲ್ಲೂಕುಗಳಷ್ಟು ಸಲ್ಲದ ನೆಲ ಕರ್ನಾಟಕದಲ್ಲಿ ಇನ್ನೊಂದಿಲ್ಲವೆಂದು ನಮಗೆ ತೋರುತ್ತದೆ. ಬಾಗೇವಾಡಿಯಿಂದಲೇ ಹಿಡಿಯೋಣ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಹುಟ್ಟಿದ ಹುಡುಗನೊಬ್ಬ ಜನಿವಾರ ಒಲ್ಲೆನೆಂದು ಮನೆ ಬಿಟ್ಟು ಕೂಡಲಸಂಗಮದ ದಾರಿ ಹಿಡಿದನೆಂದು ಪುರಾಣಗಳು ಹೇಳುತ್ತವೆ. ಇವತ್ತು ಊರಿನ ಹೆಸರಿನ ಮುಂದೆಯೇ ಅವನ ಹೆಸರಿದೆ. ಅಂದು ಆ ಹುಡುಗನಿಗೂ ಹಿರಿಯರು ಯಾರೋ “ಹೇಳುವುದಿದ್ದರೆ ಬೇರೆ ಕಡೆ ಹೋಗಿ ಹೇಳು” ಎಂದೇ ಹೇಳಿರಬೇಕು. ಅವನೂ ಹೋದ. ಆದರೆ ಬೇರೆ ಕಡೆ ಹೋದದ್ದರಿಂದ ಗಂಡಾಂತರ ತಪ್ಪಿತೆ? ಕಲ್ಯಾಣದಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತಿದೆ. ಶರಣರು ದಿಕ್ಕಾಪಾಲಾದರು, ವಚನದ ಕಟ್ಟುಗಳನ್ನು ಹೊತ್ತುಕೊಂಡು ಉಳವಿಯ ಕಾಡಿಗೆ ಹೋದರೆಂದು ಪರಂಪರೆ ಹೇಳುತ್ತದೆ. ಬಸವಣ್ಣನವರ ಮಡದಿ ನೀಲಮ್ಮ ಕೊನೆಗೆ ನಿಂತದ್ದು ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ. ಅದು ಮುದ್ದೇಬಿಹಾಳ ತಾಲ್ಲೂಕು. 1565ರ ಯುದ್ಧಕ್ಕೆ ರಕ್ಕಸಗಿ-ತಂಗಡಗಿ ಎಂದು ಹೆಸರು ಕೊಟ್ಟ ತಂಗಡಗಿಯೂ ಇದೇ. ಯುದ್ಧದ ಹೆಸರು ಶಾಲೆಯ ಪುಸ್ತಕದಲ್ಲಿದೆ, ನೀಲಮ್ಮನ ಸಮಾಧಿಯ ಮಾತು ಅಲ್ಲಿಲ್ಲ. ಇರಲಿ.

ಆ ಕಟ್ಟುಗಳು ನೂರಾರು ವರ್ಷ ಮನೆಗಳ ಜಗುಲಿಯ ಮೇಲೆ, ಮಠಗಳ ಗೂಡಿನಲ್ಲಿ ಪೂಜೆ ಮಾಡಿಸಿಕೊಳ್ಳುತ್ತಾ ಕುಳಿತವು. ಪೂಜೆ ಮಾಡುವವರು ಓದಲಿಲ್ಲ. ಅವನ್ನು ಬಿಚ್ಚಿ ಓದಿದವರಲ್ಲಿ ಮುಖ್ಯರು ವಿಜಯಪುರದ ವಕೀಲ ಫ.ಗು. ಹಳಕಟ್ಟಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಕೀಲಿಗಾಗಿ ನಮ್ಮ ಜಿಲ್ಲೆಗೆ ಬಂದವರು. ಹಳ್ಳಿ ಹಳ್ಳಿ ತಿರುಗಿ ಓಲೆಗರಿ ಕೂಡಿಹಾಕಿ ಪುಸ್ತಕ ಸಿದ್ಧಮಾಡಿ, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳಿಸಿದರಂತೆ. ಅಲ್ಲಿಂದ ಹಸ್ತಪ್ರತಿ ಅಚ್ಚಾಗದೆ ವಾಪಸು ಬಂತೆಂಬ ಕಥೆ ನಮ್ಮ ಕಡೆ ಪ್ರಚಲಿತವಾಗಿದೆ. ‘ವಚನಶಾಸ್ತ್ರಸಾರ’ದ ಮೊದಲ ಭಾಗ ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಆಮೇಲೆ ಅವರು ವಿಜಯಪುರದಲ್ಲೇ ‘ಹಿತಚಿಂತಕ’ ಎಂಬ ಸ್ವಂತ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’, 1927ರಲ್ಲಿ ‘ನವಕರ್ನಾಟಕ’ ಪತ್ರಿಕೆ ತೆಗೆದರು. ಇದಕ್ಕಾಗಿ ಇದ್ದ ಮನೆ ಮಾರಿದರೆಂದು ಜಿಲ್ಲೆಯ ಹಿರಿಯರೆಲ್ಲ ಹೇಳುತ್ತಾರೆ. ಅದುವರೆಗೆ ಕೆಲವೇ ವಚನಕಾರರ ಹೆಸರು ಗೊತ್ತಿದ್ದ ಕನ್ನಡಕ್ಕೆ ಅವರು ಇನ್ನೂರಕ್ಕೂ ಹೆಚ್ಚು ಹೆಸರು ಕೊಟ್ಟರು.

ಚಹಾ ಕುಡಿಸುವ ಹಿರಿಯರು ಈ ಉದಾಹರಣೆಯನ್ನು ನಮ್ಮ ಮೇಲೆಯೇ ತಿರುಗಿಸುತ್ತಾರೆ. “ನೋಡ್ರಿ, ಹಳಕಟ್ಟಿಯವರೂ ಒಂದು ಕಡೆ ಆಗಲಿಲ್ಲಂತ ಇನ್ನೊಂದು ಕಡೆ ಹೋದ್ರು. ಜಗಳ ಮಾಡಿದ್ರೇನು?” ಮೇಲುನೋಟಕ್ಕೆ ಸರಿ ಎನಿಸುತ್ತದೆ. ಆದರೆ ಎರಡು ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬಬಾರದು. ಒಂದು ಮುದ್ರಣಾಲಯಕ್ಕೆ ಒಂದು ಪುಸ್ತಕ ಬೇಡವೆನ್ನುವ ಹಕ್ಕಿದೆ. ಈ ಮಾಸಿಕದ ಸಂಪಾದಕರಿಗೂ ಇದೆ, ನಮ್ಮ ಕಥೆಯನ್ನು ಅವರು ಹಿಂದಿರುಗಿಸಿದರೆ ನಮ್ಮ ಬಾಯಿಗೆ ಬೀಗ ಹಾಕಿದರೆಂದು ಬೊಬ್ಬೆ ಹಾಕುವುದು ಚಿಲ್ಲರೆತನ. ಮಂಗಳೂರಿನವರು ಬೇಡವೆಂದರು, ಆದರೆ ಬೆಳಗಾವಿಯಲ್ಲಿ ಅಚ್ಚು ಹಾಕಬೇಡಿರೆಂದು ಕಾಗದ ಬರೆಯಲಿಲ್ಲ. ವಿಜಯಪುರದ ಮುದ್ರಣಾಲಯದ ಮುಂದೆ ಗುಂಪು ಕಟ್ಟಿಕೊಂಡು ನಿಲ್ಲಲಿಲ್ಲ. ತನ್ನ ಅಂಗಡಿಯಲ್ಲಿ ಮಾರುವುದಿಲ್ಲ ಎನ್ನುವವನೇ ಬೇರೆ, ಇಡೀ ಪೇಟೆಯಲ್ಲಿ ಯಾರೂ ಮಾರಬಾರದು ಎನ್ನುವವನೇ ಬೇರೆ. ನಮ್ಮ ತಕರಾರು ಎರಡನೆಯವನ ಮೇಲೆ.

ಹಳಕಟ್ಟಿಯವರು ಹೋದದ್ದು ಅಚ್ಚಿನ ಮನೆ ಹುಡುಕಿಕೊಂಡು, ಜೀವ ಉಳಿಸಿಕೊಳ್ಳಲು ಅಲ್ಲ ಎಂಬುದನ್ನೂ ಮರೆಯಬಾರದು. ಜೀವದ ಮಾತು ಬರುವುದು ಸಿಂದಗಿ ತಾಲ್ಲೂಕಿನ ಇನ್ನೊಬ್ಬರ ವಿಷಯದಲ್ಲಿ.

1938ರಲ್ಲಿ ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರ ಸ್ವಂತ ಊರು ಅದೇ ತಾಲ್ಲೂಕಿನ ಯರಗಲ್ಲ. ಸಿಂದಗಿಯಲ್ಲಿ, ವಿಜಯಪುರದಲ್ಲಿ ಓದಿ ಧಾರವಾಡಕ್ಕೆ ಹೋದವರು. ಶಾಸನ, ವಚನ, ಹಸ್ತಪ್ರತಿ ಯಾವುದನ್ನು ಮುಟ್ಟಿದರೂ ಹಳೆಯ ನಂಬಿಕೆಯ ಕೆಳಗೆ ಕೈಹಾಕಿ ನೋಡುವ ಸ್ವಭಾವ. ‘ಮಾರ್ಗ’ದ ಮೊದಲ ಸಂಪುಟದಲ್ಲಿ ನೀಲಮ್ಮನ ಬಗ್ಗೆ, ಚನ್ನಬಸವಣ್ಣನ ಹುಟ್ಟಿನ ಬಗ್ಗೆ ಅವರು ಬರೆದದ್ದು ದೊಡ್ಡ ಗಲಾಟೆಯಾಯಿತು. 1989ರಲ್ಲಿ ಬರೆದದ್ದನ್ನು ಹಿಂದಕ್ಕೆ ಪಡೆಯಬೇಕಾಯಿತು. ಮನೆಯವರ ಜೀವ ಉಳಿಸಲು ಹಾಗೆ ಮಾಡಿದೆ, ಆದರೆ ಅಂದು ತಮ್ಮೊಳಗಿನ ವಿದ್ವಾಂಸ ಆತ್ಮಹತ್ಯೆ ಮಾಡಿಕೊಂಡ ಎಂಬ ಅರ್ಥದ ಮಾತನ್ನು ಅವರು ಆಮೇಲೆ ಆಡಿದರು. ತಂಗಡಗಿಯಲ್ಲಿ ಮಲಗಿದ ಹೆಣ್ಣುಮಗಳ ಬಗ್ಗೆ ಸಿಂದಗಿ ತಾಲ್ಲೂಕಿನ ಮನುಷ್ಯನೊಬ್ಬ ಒಂದು ಊಹೆ ಮಂಡಿಸಿದ್ದಕ್ಕೆ ಕೊಟ್ಟ ಬೆಲೆ ಅದು. ಊಹೆ ಸರಿಯಿತ್ತೇ? ನಾವು ಸಂಶೋಧಕರಲ್ಲ. ಸರಿಯಿಲ್ಲವೆಂದು ಪುರಾವೆ ಸಮೇತ ಬರೆದ ವಿದ್ವಾಂಸರಿದ್ದರೆ ಅವರ ಬರಹದಿಂದಲೇ ಆ ಊಹೆ ಬಿದ್ದುಹೋಗುತ್ತಿತ್ತು. ಗದ್ದಲದಿಂದ ಯಾವ ಊಹೆಯೂ ಬಿದ್ದದ್ದಿಲ್ಲ. ಹೇಳಿದವನ ಬಾಯಿ ಮುಚ್ಚುತ್ತದೆ, ಅಷ್ಟೆ.

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣ ನಗರದ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಬಡಾವಣೆಯ ಹೆಸರನ್ನು ಗಮನಿಸಿ. 1989ರ ಗಲಾಟೆಯೇ ಬೇರೆ, 2015ರ ಗುಂಡೇ ಬೇರೆ. 2019ರಲ್ಲಿ ವಿಶೇಷ ತನಿಖಾ ದಳ ಆರು ಜನರ ಮೇಲೆ ಸಲ್ಲಿಸಿದ ಆರೋಪಪಟ್ಟಿ, 2014ರಲ್ಲಿ ಮೂಢನಂಬಿಕೆ ತಡೆ ಮಸೂದೆಯ ಬಗ್ಗೆ ಬೆಂಗಳೂರಿನಲ್ಲಿ ಅವರು ಮಾಡಿದ ಭಾಷಣದತ್ತ ಬೊಟ್ಟು ಮಾಡುತ್ತದೆ. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನು ಕೊಂದದ್ದೂ ಅದೇ ಪಿಸ್ತೂಲೆಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. “ಬೆಂಗಳೂರಿಗೆ ಹೋಗಿ ಬರೀರಿ” ಎನ್ನುವವರು ಇದನ್ನು ಓದಿಕೊಳ್ಳಬೇಕು. ಗೌರಿಯವರು ಬೆಂಗಳೂರಿನಲ್ಲೇ ಇದ್ದರು. ಕಲಬುರ್ಗಿಯವರು ಭಾಷಣ ಮಾಡಿದ್ದೂ ಬೆಂಗಳೂರಿನಲ್ಲೇ.

ನಮ್ಮ ಸಮುದಾಯದ ಓದುಗರಿಗೆ ಇಲ್ಲಿ ಒಂದು ವಿಷಯ ಹೇಳಲೇಬೇಕು. ಆದಿಲಶಾಹಿ ಕಾಲದ ಫಾರಸಿ ಮತ್ತು ದಖನಿ ಸಾಹಿತ್ಯವನ್ನು ಕನ್ನಡಕ್ಕೆ ತರುವ ಯೋಜನೆಯನ್ನು ವಿಜಯಪುರದ ಹಳಕಟ್ಟಿ ಸಂಶೋಧನ ಕೇಂದ್ರದಿಂದ ಮುನ್ನಡೆಸಿದವರಲ್ಲಿ ಕಲಬುರ್ಗಿಯವರು ಪ್ರಮುಖರು. ನಮ್ಮ ಎಷ್ಟು ಜನ ಉರ್ದು ಪ್ರೊಫೆಸರರಿಗೆ ಈ ಕೆಲಸ ಹೊಳೆದಿತ್ತು? ಎರಡನೆಯ ಇಬ್ರಾಹಿಂ ಆದಿಲಶಾಹನ ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಹೊಗಳುವ ಪದಗಳಿವೆ. ಆ ಸುಲ್ತಾನ ಇಂದು ಗೋಳಗುಮ್ಮಟದ ಹತ್ತಿರ ಒಂದು ಮುಶಾಯಿರಾದಲ್ಲಿ ನಿಂತು ಅವನ್ನು ಹಾಡಿದರೆ ಎರಡೂ ಕಡೆಯವರು ಬಂದು ಚಹಾ ತರಿಸಿ, “ಬೇರೆ ಊರಿಗೆ ಹೋಗ್ರಿ ಜಹಾಂಪನಾ” ಎಂದು ಹೇಳುತ್ತಿದ್ದರು.

ಇಂಡಿ ತಾಲ್ಲೂಕಿನ ಮಾತು ಬಂದಾಗ ನಮಗೆ ಸ್ವಲ್ಪ ಸಮಾಧಾನವಾಗುತ್ತದೆ. ಭೀಮಾ ತೀರದ ಹಲಸಂಗಿ ಆಗ ಇಂಡಿಗೆ ಸೇರಿತ್ತು, ಈಗ ಚಡಚಣ ತಾಲ್ಲೂಕಿನಲ್ಲಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರ ಆ ಗೆಳೆಯರ ಗುಂಪು 1930ರ ದಶಕದಲ್ಲಿ ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದುದನ್ನು ಬರೆದುಕೊಂಡು ‘ಗರತಿಯ ಹಾಡು’ ಎಂದು ಪುಸ್ತಕ ಮಾಡಿತು. ಹೆಣ್ಣುಮಕ್ಕಳು ಹಗಲಿನಲ್ಲಿ ಆಡಲಾಗದ್ದನ್ನು ನಸುಕಿನಲ್ಲಿ ಕಲ್ಲಿನ ಸದ್ದಿನ ಮರೆಯಲ್ಲಿ ಆಡಿಕೊಂಡದ್ದು ಅದು. ಅತ್ತೆಯ ಬಗ್ಗೆ, ಗಂಡನ ಬಗ್ಗೆ, ತವರಿನ ಬಗ್ಗೆ. ಅವರು ಹಾಡಲು ಯಾವ ಊರಿಗೂ ಹೋಗಲಿಲ್ಲ. ಗೆಳೆಯರೂ ಪುಸ್ತಕ ಮಾಡಲು ಹಲಸಂಗಿ ಬಿಡಲಿಲ್ಲ. ಮುಸಲ್ಮಾನನೊಬ್ಬ ಗರತಿಯರ ಊರಿನ ಈ ಗುಂಪಿನಲ್ಲಿ ಏಕಿದ್ದಾನೆಂದು ಅಂದು ಯಾರೂ ಕೇಳಲಿಲ್ಲವೆಂಬುದು ಈಗಿನವರಿಗೆ ಅಚ್ಚರಿ ಎನಿಸಬಹುದು.

ಊರು ಬಿಡಬಲ್ಲವರು ಯಾರು ಎಂಬುದನ್ನೂ ಯೋಚಿಸಬೇಕು. ಬೆಂಗಳೂರಿನಲ್ಲಿ ಮನೆ ಬಾಡಿಗೆ ಕೊಡಬಲ್ಲ ಗಂಡಸು ಹೋಗಬಹುದು, ಅವನಿಗೂ ಮುಸಲ್ಮಾನನೆಂದು ಗೊತ್ತಾದ ಮೇಲೆ ಮನೆ ಸಿಕ್ಕರೆ! ಮುದ್ದೇಬಿಹಾಳದ ಸರ್ಕಾರಿ ಶಾಲೆಯ ಮೇಷ್ಟ್ರು ಹೋಗಲಾರ, ಅವನ ನೌಕರಿ ಇಲ್ಲಿದೆ. ಸಿಂದಗಿಯ ಮೊಹಲ್ಲಾದಲ್ಲಿ ಡಿಗ್ರಿ ಓದುತ್ತಾ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಕನ್ನಡ ಕಥೆ ಬರೆಯುವ ಹುಡುಗಿ ಬಸ್‌ಸ್ಟ್ಯಾಂಡಿನವರೆಗೂ ಒಬ್ಬಳೇ ಹೋಗಲಾರಳು. ಅವರಿಗೆ “ಬೇರೆ ಕಡೆ ಹೋಗಿ ಬರೆ” ಎಂದರೆ ಬರೆಯಬೇಡ ಎಂದೇ ಅರ್ಥ.

ಸಾರಾ ಅಬೂಬಕ್ಕರ್ ಅವರನ್ನು ನೆನೆಯೋಣ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದವರು. ‘ಚಂದ್ರಗಿರಿಯ ತೀರದಲ್ಲಿ’ ಬಂದ ಮೇಲೆ 1985ರಲ್ಲಿ ಪುತ್ತೂರಿನ ಸಭೆಯೊಂದರಲ್ಲಿ ನಮ್ಮವರೇ ಅವರನ್ನು ಮಾತಾಡಗೊಡದೆ ಮೇಲೆ ಬಿದ್ದರು. 1994ರಲ್ಲಿ ಆಕೆ ತನ್ನದೇ ‘ಚಂದ್ರಗಿರಿ ಪ್ರಕಾಶನ’ ಕಟ್ಟಿಕೊಂಡರು. ಬರಹಕ್ಕೆ ಸ್ವಂತ ಮನೆ ಕಟ್ಟಿದರೇ ಹೊರತು ತಾನು ಬರೆದ ಜನರ ನಡುವಿನಿಂದ ಎದ್ದು ಹೋಗಲಿಲ್ಲ. 2023ರಲ್ಲಿ ತೀರಿಕೊಂಡಾಗ ಹೊಗಳಿ ಬರೆದವರಲ್ಲಿ ಪುತ್ತೂರಿನ ಸಭೆಯನ್ನು ನೆನೆದವರು ಕಡಿಮೆ.

ಬಾನು ಮುಷ್ತಾಕರದ್ದು ಇನ್ನೂ ಹತ್ತಿರದ ಕಥೆ. ಹೆಂಗಸರಿಗೆ ಮಸೀದಿಯಲ್ಲಿ ನಮಾಜು ಮಾಡುವ ಹಕ್ಕಿದೆ ಎಂದದ್ದಕ್ಕೆ 2000ದಲ್ಲಿ ಅವರ ಕುಟುಂಬಕ್ಕೆ ಬಹಿಷ್ಕಾರ ಹಾಕಲಾಯಿತು. ಚಾಕು ಹಿಡಿದು ಬಂದವನೂ ಇದ್ದ. ಅವರು ಹಾಸನ ಬಿಡಲಿಲ್ಲ. 2025ರಲ್ಲಿ ದೀಪಾ ಭಾಸ್ತಿಯವರ ಅನುವಾದದ ಮೂಲಕ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಾಗ ನಮ್ಮ ಓಣಿಗಳಲ್ಲಿ ಮಿಠಾಯಿ ಹಂಚಿದವರಿದ್ದಾರೆ. ಬಹಳ ಒಳ್ಳೆಯದು. ಅದೇ ವರ್ಷ ಅವರು ಮೈಸೂರು ದಸರಾ ಉದ್ಘಾಟಿಸಬಾರದೆಂದು ಇನ್ನೊಂದು ಗುಂಪು ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ಆಗ ನಮ್ಮವರಿಗೆ ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲೆ ಬಹಳ ಪ್ರೀತಿ ಬಂತು. 2000ದಲ್ಲಿ ಈ ಪ್ರೀತಿ ಎಲ್ಲಿ ಗುಳೆ ಹೋಗಿತ್ತು ಎಂದು ಕೇಳುವ ಹಕ್ಕು ನಮಗಿದೆ.

ನಮ್ಮವರ ಮೇಲೆಯೇ ಏಕೆ ಹರಿಹಾಯುತ್ತೀರಿ ಎಂದು ಇಲ್ಲಿ ಕೆಲವರು ಪತ್ರಿಕೆ ಮಡಿಸಿಡಬಹುದು. ದಯವಿಟ್ಟು ಇನ್ನೊಂದು ಪುಟ ಓದಿ.

ನಾವು ಉರ್ದು ಶಾಲೆಯಲ್ಲೂ ಓದಿದವರು, ಕನ್ನಡ ಶಾಲೆಯಲ್ಲೂ ಓದಿದವರು. ಎರಡು ಭಾಷೆಯ ನಡುವೆ ಓಡಾಡುವವನಿಗೆ ಈ ಗುಳೆಯ ಅನುಭವ ಚೆನ್ನಾಗಿ ಆಗುತ್ತದೆ. ತಲಾಖಿನ ಬಗ್ಗೆ ಉರ್ದುವಿನಲ್ಲಿ ಬರೆದರೆ “ಜನಾಬ್, ಇದು ನಮ್ಮ ಅಖ್ಬಾರಿಗೆ ಹೊಂದುವುದಿಲ್ಲ” ಎನ್ನುತ್ತಾರೆ. ಕನ್ನಡದಲ್ಲಿ ಬರೆದರೆ “ಮನೆಯ ಮಾತು ಬೀದಿಗೆ ತಂದರು” ಎನ್ನುತ್ತಾರೆ. ಕನ್ನಡದ ವಾರಪತ್ರಿಕೆಯೊಂದು, ಹೆಸರು ಬೇಡ, ಗಾಣದ ಎಣ್ಣೆ ಮಾರುವ ಮುದುಕನೊಬ್ಬನ ಮೇಲಿನ ನಮ್ಮ ಕಥೆಯನ್ನು ವಾಪಸು ಕಳಿಸಿ, “ನಿಮ್ಮ ಸಮುದಾಯದ ಒಳಗಿನ ಸಮಸ್ಯೆ ಇದ್ದರೆ ಕೊಡಿ” ಎಂದು ಕೇಳಿತು. ಮುದುಕನ ಸೊಂಟನೋವು ಅವರಿಗೆ ಸಮುದಾಯದ ಸಮಸ್ಯೆ ಎನಿಸಲಿಲ್ಲ. ಅಂದರೆ ಒಂದು ಕಡೆ ಹೇಳಬಾರದು, ಇನ್ನೊಂದು ಕಡೆ ಅದನ್ನಷ್ಟೇ ಹೇಳಬೇಕು. ಎರಡೂ ಒಂದೇ ಬೀಗದ ಎರಡು ಕೈಗಳು.

ಕಾನೂನಿಗೆ ಬರೋಣ. ಧರ್ಮದ ಭಾವನೆಗೆ ನೋವಾಯಿತೆಂದು ಕೇಸು ಹಾಕಲು ನಾವೆಲ್ಲ ಬಳಸುತ್ತಿದ್ದ ಕಲಂ 295ಎ ಹುಟ್ಟಿದ್ದು 1927ರಲ್ಲಿ. ಲಾಹೋರಿನಲ್ಲಿ 1924ರಲ್ಲಿ ಪ್ರವಾದಿಯವರನ್ನು ಹೀನಾಯವಾಗಿ ಚಿತ್ರಿಸಿದ ಪುಸ್ತಿಕೆಯೊಂದು ಬಂತು. ಪ್ರಕಾಶಕನ ಮೇಲೆ ಮೊಕದ್ದಮೆ ನಡೆದು, ಇಂಥದ್ದಕ್ಕೆ ಕಾನೂನಿಲ್ಲವೆಂದು ಹೈಕೋರ್ಟು ಅವನನ್ನು ಬಿಟ್ಟಿತು. ಮುಸಲ್ಮಾನರು ಕಾನೂನು ಬೇಕೆಂದು ಚಳವಳಿ ಮಾಡಿದರು. ಬ್ರಿಟಿಷರು ಕೊಟ್ಟರು. ಎರಡು ವರ್ಷಕ್ಕೆ, 1929ರಲ್ಲಿ, ಒಬ್ಬ ತರುಣ ಆ ಪ್ರಕಾಶಕನನ್ನು ಇರಿದು ಕೊಂದೇಬಿಟ್ಟ. ಕಾನೂನು ಅವನ ಕೈಯನ್ನು ತಡೆಯಲಿಲ್ಲ. ಆದರೆ ಕಾನೂನು ಉಳಿಯಿತು, ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಆಗಿ ಕುಳಿತಿದೆ. ನಾವು ಬೇಡಿ ಪಡೆದ ಈ ಬಡಿಗೆ ಇಂದು ಯಾರ ಕೈಯಲ್ಲಿದೆ, ಯಾರ ಬೆನ್ನಿನ ಮೇಲೆ ಬೀಳುತ್ತದೆ ಎಂಬುದನ್ನು ಠಾಣೆಗೆ ಹೋಗಿ ಬಂದ ಯಾವುದೇ ತರುಣನ ತಾಯಿಯನ್ನು ಕೇಳಿ.

ಈ ಬಡಿಗೆ ಬಸವಣ್ಣನವರ ಹೆಸರಿನಲ್ಲೂ ಬೀಸಿದೆ. ಪಿ.ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಯನ್ನು ರಾಜ್ಯ ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿತು, 2007ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮಾತೆ ಮಹಾದೇವಿಯವರು ಬಸವಣ್ಣನವರ ವಚನಗಳ ಅಂಕಿತವನ್ನು ಕೂಡಲಸಂಗಮದೇವ ಎಂಬುದರಿಂದ ಲಿಂಗದೇವ ಎಂದು ಬದಲಿಸಿ ‘ಬಸವ ವಚನ ದೀಪ್ತಿ’ ಪ್ರಕಟಿಸಿದರು. 1998ರಲ್ಲಿ ಅದೂ ಮುಟ್ಟುಗೋಲಾಯಿತು, 2017ರಲ್ಲಿ ಅದನ್ನೂ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಇನ್ನೊಬ್ಬರ ಅಂಕಿತ ಬದಲಿಸುವುದು ನಮ್ಮ ದೃಷ್ಟಿಯಲ್ಲಿ ಕೆಟ್ಟ ಕೆಲಸ. ಬೇರೆಯವರ ಮನೆಯ ಬಾಗಿಲಿಗೆ ನಮ್ಮ ಹೆಸರಿನ ಫಲಕ ಹಾಕಿದಂತೆ. ಆದರೆ ಕೆಟ್ಟ ಸಂಪಾದನೆಗೆ ಒಳ್ಳೆಯ ಸಂಪಾದನೆಯೇ ಉತ್ತರ, ಪೊಲೀಸ್ ಜೀಪು ಅಲ್ಲ. ಹಳಕಟ್ಟಿಯವರು ತಪ್ಪು ಪಾಠ ತಿದ್ದಿದ್ದು ಇನ್ನೊಂದು ಓಲೆಗರಿ ಹುಡುಕಿ.

ನಮ್ಮ ಪಾಲಿನ ಪುಸ್ತಕದ ಕಥೆ ಇನ್ನೂ ತಮಾಷೆಯಾಗಿದೆ. ಸಲ್ಮಾನ್ ರಶ್ದಿಯ ಕಾದಂಬರಿಯ ಆಮದನ್ನು 1988ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ತಡೆಯಿತು. ಮೂವತ್ತಾರು ವರ್ಷ ಅದು ನಿಷೇಧಿತ ಪುಸ್ತಕವಾಗಿಯೇ ಇತ್ತು. 2024ರಲ್ಲಿ ದಿಲ್ಲಿ ಹೈಕೋರ್ಟು ಆದೇಶದ ಪ್ರತಿ ತೋರಿಸಿ ಎಂದಾಗ ಸರ್ಕಾರದ ಬಳಿ ಅದು ಸಿಗಲೇ ಇಲ್ಲ. ಪುಸ್ತಕ ಅಂಗಡಿಗೆ ಬಂತು. ದೇಶದಲ್ಲಿ ಒಂದು ಕಲ್ಲೂ ಬೀಳಲಿಲ್ಲ. ಈ ಮೂವತ್ತಾರು ವರ್ಷದಲ್ಲಿ ಅದನ್ನು ಓದಿ, ಅಧ್ಯಾಯವಾರು ಉತ್ತರ ಬರೆದ ಒಂದು ಕನ್ನಡ ಪುಸ್ತಕವನ್ನು ನಾವು ತರಬಹುದಿತ್ತು.

ಓದದೆ ಸಿಟ್ಟಾಗುವುದರ ಬೆಲೆ ಕರ್ನಾಟಕದ ಮುಸಲ್ಮಾನರಿಗೆ ಗೊತ್ತಿಲ್ಲದ್ದಲ್ಲ. 1986ರ ಡಿಸೆಂಬರಿನಲ್ಲಿ ‘ಡೆಕ್ಕನ್ ಹೆರಾಲ್ಡ್’ನಲ್ಲಿ ಬಂದ ಒಂದು ಕಥೆಯ ತಲೆಬರಹದಲ್ಲಿ ಮುಹಮ್ಮದ್ ಎಂಬ ಹೆಸರಿತ್ತು. ಕಥೆ ಪ್ರವಾದಿಯವರ ಬಗ್ಗೆ ಇರಲೇ ಇಲ್ಲ. ಗಲಭೆಯಲ್ಲಿ ಹತ್ತಕ್ಕೂ ಹೆಚ್ಚು ಜೀವ ಹೋಯಿತು. 2010ರ ಮಾರ್ಚ್ 1ರಂದು ಶಿವಮೊಗ್ಗ, ಹಾಸನಗಳಲ್ಲಿ ತಸ್ಲೀಮಾ ನಸ್ರೀನ್ ಹೆಸರಿನಲ್ಲಿ ‘ಕನ್ನಡಪ್ರಭ’ದಲ್ಲಿ ಬಂದ ಬುರ್ಖಾ ಲೇಖನಕ್ಕೆ ಗಲಾಟೆಯಾಗಿ ಇಬ್ಬರು ಸತ್ತರು. ತಾನು ಆ ಪತ್ರಿಕೆಗೆ ಬರೆದೇ ಇಲ್ಲವೆಂದು ತಸ್ಲೀಮಾ ಹೇಳಿದರು. ಬರೆದವರು ಸಾಯಲಿಲ್ಲ, ಅಚ್ಚು ಹಾಕಿದವರು ಸಾಯಲಿಲ್ಲ. ಸತ್ತವರ ಮನೆಗೆ ಮುಂದಿನ ತಿಂಗಳು ಅಕ್ಕಿ ತಂದುಕೊಟ್ಟ ಮುಖಂಡರ ಹೆಸರು ಯಾರಿಗಾದರೂ ನೆನಪಿದ್ದರೆ ಬರೆದು ತಿಳಿಸಿ.

ನಮ್ಮ ದೀನಿನಲ್ಲಿ ಇದಕ್ಕೆಲ್ಲ ಜಾಗವಿಲ್ಲ ಎನ್ನುವ ಮೌಲಾನಾಗಳಿಗೆ ಅದೇ ದೀನಿನ ಚರಿತ್ರೆಯನ್ನು ನೆನಪಿಸಬೇಕಾಗುತ್ತದೆ. ಇಮಾಮ್ ಅಬೂ ಹನೀಫಾ ಖಲೀಫನ ಖಾಜಿ ಪದವಿ ಒಲ್ಲೆನೆಂದು ಬಗ್ದಾದಿನ ಸೆರೆ ಕಂಡವರು. ಇಮಾಮ್ ಅಹ್ಮದ್ ಬಿನ್ ಹಂಬಲ್, ಕುರ್‌ಆನಿನ ಬಗ್ಗೆ ಖಲೀಫ ಹೇಳಿದ್ದನ್ನೇ ಹೇಳಬೇಕೆಂಬ 833ರ ಫರ್ಮಾನನ್ನು ಒಪ್ಪದೆ ಚಾಟಿಯೇಟು ತಿಂದವರು. ಇವರ ಹೆಸರಿನ ಮಝ್‌ಹಬ್‌ಗಳನ್ನು ಇಂದು ಕೋಟಿಗಟ್ಟಲೆ ಜನ ಪಾಲಿಸುತ್ತಾರೆ. ಅಂದಿನ ಪಂಡಿತರಲ್ಲಿ ಬಹಳಷ್ಟು ಜನ ಖಲೀಫ ಹೇಳಿದಂತೆ ಹೇಳಿ ಮನೆಗೆ ಹೋದರು. 

“ಹಾಗಾದರೆ ನಮ್ಮ ಮೇಲೆ ವಿಷ ಕಾರುವವರಿಗೂ ಸ್ವಾತಂತ್ರ್ಯವೇ?” ಇದು ನಿಜವಾದ ಪ್ರಶ್ನೆ. ಜಾತ್ರೆಯಲ್ಲಿ ಬಳೆ, ಬತ್ತಾಸು ಮಾರುವ ನಮ್ಮವರ ಅಂಗಡಿ ಎಬ್ಬಿಸಿದ್ದನ್ನು 2022ರಲ್ಲಿ ಕಾಪು ಮೊದಲಾದ ಕಡೆ ಎಲ್ಲರೂ ಕಂಡಿದ್ದಾರೆ. “ಇವರ ಹತ್ತಿರ ಕೊಳ್ಳಬೇಡಿ, ಇವರನ್ನು ಹೊಡೆಯಿರಿ” ಎನ್ನುವುದು ಅಭಿಪ್ರಾಯವಲ್ಲ, ಅದು ಕೈ ಎತ್ತಿದಂತೆ. 2015ರ ಮಾರ್ಚ್ 24ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದುಮಾಡಿದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ: ಚರ್ಚೆ ಬೇರೆ, ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ. ಮೊದಲ ಎರಡು ಎಷ್ಟೇ ಕಹಿಯಾದರೂ ಮುಟ್ಟುವಂತಿಲ್ಲ. ಮೂರನೆಯದಕ್ಕೆ ಕಾನೂನು ಆಗಲೇ ಇದೆ. ದ್ವೇಷ ಭಾಷಣಕ್ಕೆ ಯಾರ ದೂರಿಗೂ ಕಾಯದೆ ಕೇಸು ದಾಖಲಿಸಿರೆಂದು 2023ರ ಏಪ್ರಿಲ್‌ನಲ್ಲಿ ಅದೇ ಕೋರ್ಟು ಎಲ್ಲ ರಾಜ್ಯಗಳಿಗೆ ಹೇಳಿತು. ಕೊರತೆ ಇರುವುದು ಕಾನೂನಿನಲ್ಲಲ್ಲ, ಬರೆದುಕೊಳ್ಳುವ ಪೇದೆಯ ಮನಸ್ಸಿನಲ್ಲಿ. 2025ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನ ದ್ವೇಷ ಭಾಷಣ ತಡೆಯ ಹೊಸ ಮಸೂದೆಯನ್ನು ಅಂಗೀಕರಿಸಿದಾಗ ನಮ್ಮ ಗೆಳೆಯರಲ್ಲೂ ಸಂತೋಷಪಟ್ಟವರಿದ್ದರು. ಅವರಿಗೆ 1927ನ್ನು ನೆನಪು ಮಾಡಿಕೊಡುತ್ತೇವೆ. ಸರ್ಕಾರ ಬದಲಾಗುತ್ತದೆ, ಬಡಿಗೆ ಠಾಣೆಯಲ್ಲೇ ಇರುತ್ತದೆ.

ತಾಲ್ಲೂಕು ಮಟ್ಟದಲ್ಲಿ ಬಡಿಗೆಗಿಂತ ಹೆಚ್ಚು ಕೆಲಸ ಮಾಡುವುದು ಶಾಂತಿ ಸಭೆ. ಎರಡು ಕಡೆಯ ಮುಖಂಡರು, ತಹಶೀಲ್ದಾರರು, ಪೊಲೀಸರು ಕುಳಿತು 'ಸೌಹಾರ್ದ'ವಾಗಿ ಬರೆದವನಿಂದ ಒಂದು ಕಾಗದಕ್ಕೆ ಸಹಿ ಹಾಕಿಸುತ್ತಾರೆ. ತಮಿಳುನಾಡಿನ ಪೆರುಮಾಳ್ ಮುರುಗನ್ ಅವರಿಗೆ ಆದದ್ದು ಇದೇ. 2015ರ ಜನವರಿ 12ರಂದು ನಾಮಕ್ಕಲ್‌ನಲ್ಲಿ ಅಧಿಕಾರಿಗಳ ಮುಂದೆ ಕ್ಷಮಾಪಣೆಗೆ ಸಹಿ ಹಾಕಿಸಿದರು. ತನ್ನೊಳಗಿನ ಲೇಖಕ ಸತ್ತನೆಂದು ಆತ ಪ್ರಕಟಿಸಿದರು. ಊರು ಬಿಟ್ಟು ಚೆನ್ನೈ ಸೇರಿದರು. 2016ರ ಜುಲೈ 5ರಂದು ಮದ್ರಾಸ್ ಹೈಕೋರ್ಟು, ಆ ಸಭೆಯಲ್ಲಿ ಆದ ಒಪ್ಪಂದಕ್ಕೆ ಕಟ್ಟುಬೀಳಬೇಕಿಲ್ಲವೆಂದು ಹೇಳಿ, ಬರಹಗಾರ ಮತ್ತೆ ಬರೆಯಲೆಂದು ಹಾರೈಸಿತು. ಅವರು ಬರೆದರು. ಕಲಬುರ್ಗಿಯವರ 1989ರ ಸಹಿಯ ಮೇಲೆ ಹೀಗೆ ಯಾವ ಕೋರ್ಟೂ ಮಾತಾಡಲಿಲ್ಲ.

ಆದ್ದರಿಂದ ಸಿಂದಗಿಯ ಆ ಹುಡುಗಿಗೆ, ಮುದ್ದೇಬಿಹಾಳದ ಮೇಷ್ಟ್ರಿಗೆ, ಅವರನ್ನು ಕರೆಸಿ ಚಹಾ ಕುಡಿಸುವ ಹಿರಿಯರಿಗೂ ಒಂದೆರಡು ಉಪಯುಕ್ತ ವಿಷಯ ತಿಳಿಸಿ ಮುಗಿಸುತ್ತೇವೆ. ಶಾಂತಿ ಸಭೆಗೆ ಕರೆದರೆ ಹೋಗಿ, ಆದರೆ ಸಹಿ ಹಾಕುವ ಮುನ್ನ ವಕೀಲರಿಗೆ ತೋರಿಸುತ್ತೇನೆ ಎನ್ನಿ. ಹೀಗೆ ಹೇಳುವುದು ಅಗೌರವವಲ್ಲ. ಪುಸ್ತಕವನ್ನು ಮುಟ್ಟುಗೋಲು ಹಾಕಬೇಕಾದರೆ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಬೇಕು, ಕಾರಣ ಬರೆಯಬೇಕು. ಠಾಣೆಯ ಸಾಹೇಬರ ಬಾಯಿಮಾತಿನ ಆದೇಶಕ್ಕೆ ಆ ಬೆಲೆ ಇಲ್ಲ. ಹಿಂದಿನ ದಂಡ ಪ್ರಕ್ರಿಯೆ ಸಂಹಿತೆಯ 95 ಮತ್ತು 96ನೇ ಕಲಮುಗಳು ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 98 ಮತ್ತು 99 ಆಗಿವೆ. ಅಧಿಸೂಚನೆ ರಾಜ್ಯಪತ್ರದಲ್ಲಿ ಬಂದ ಎರಡು ತಿಂಗಳೊಳಗೆ ಆ ಪುಸ್ತಕದಲ್ಲಿ ಹಿತಾಸಕ್ತಿ ಇರುವ ಯಾರೇ ಆದರೂ ಹೈಕೋರ್ಟಿಗೆ ಅರ್ಜಿ ಹಾಕಬಹುದು, ಅದನ್ನು ಮೂವರು ನ್ಯಾಯಮೂರ್ತಿಗಳು ಕೇಳುತ್ತಾರೆ. ನಮ್ಮ ಜಿಲ್ಲೆ ಕಲಬುರಗಿ ಪೀಠಕ್ಕೆ ಸೇರಿದೆ. ಸಿಂದಗಿಯಿಂದ ಕಲಬುರಗಿಗೆ ಬಸ್ಸುಗಳಿವೆ, ಬೆಳಿಗ್ಗೆ ಹೋಗಿ ಸಂಜೆಗೆ ಊರಿಗೆ ಬರಬಹುದು.